ದಾವಣಗೆರೆಯ ಬಿಸಿಲಲ್ಲಿ ಡ್ವಾರ್ಫ್ ಹ್ಯಾಮ್‌ಸ್ಟರ್: ನನ್ನ ಅನುಭವ

ಡ್ವಾರ್ಫ್ ಹ್ಯಾಮ್‌ಸ್ಟರ್, ಅಂದರೆ ಇಲಿಯಂಥ ಪುಟ್ಟ ಸಾಕುಪ್ರಾಣಿ, ಸಾಕಬೇಕು ಅಂತ ಯಾರಾದರೂ ಕೇಳಿದರೆ, ಮೊದಲು ಅದರ ಊರು ಯಾವುದು ತಿಳ್ಕೊಳ್ಳಿ ಅನ್ನುತ್ತೇನೆ. ಮಂಗೋಲಿಯಾ, ಕಝಾಕಸ್ತಾನ, ಸೈಬೀರಿಯಾದ ಕೆಲವು ಭಾಗ, ಚೀನಾದ ಉತ್ತರದ ಒಣ ಬಯಲು. ಮರ ಕಡಿಮೆ, ಮಳೆಯೂ ಕಡಿಮೆ, ಚಳಿ ವಿಪರೀತ. ಹಗಲು ನೆಲದೊಳಗಿನ ಬಿಲದಲ್ಲಿ ಮಲಗಿದ್ದು ಕತ್ತಲಾದ ಮೇಲೆ ಹೊರಗೆ ಬಂದು, ಬೀಜ ಹುಡುಕುತ್ತಾ ಓಡಾಡಿ, ಸಿಕ್ಕಿದ್ದನ್ನು ಕೆನ್ನೆಯ ಚೀಲಕ್ಕೆ ತುಂಬಿಕೊಂಡು ಬಿಲಕ್ಕೆ ಹೋಗಿ ಕೂಡಿಡುವ ಜೀವ. ಅದನ್ನು ನಾವು ಏಪ್ರಿಲ್‌ನಲ್ಲಿ 38 ಡಿಗ್ರಿ ಕಾಯುವ ದಾವಣಗೆರೆಗೆ ತಂದಿದ್ದೇವೆ. ಅಗೆಯಲು, ಓಡಲು, ಅಡಗಲು, ಕೂಡಿಡಲು ಜಾಗ ಕೊಟ್ಟು ಬೇಸಿಗೆಯಲ್ಲಿ ತಂಪಾಗಿಟ್ಟರೆ ಅದು ಸುಖವಾಗಿರುತ್ತದೆ. ಅಂಗೈಯಲ್ಲಿಟ್ಟು ಮುದ್ದಾಡಬೇಕು ಅನ್ನುವುದು ನಮ್ಮ ಆಸೆ. ಅದಕ್ಕೆ ಆ ಆಸೆ ಇಲ್ಲ.

ನಮ್ಮ ಮನೆ ನಿಟುವಳ್ಳಿಯಲ್ಲಿ. ಮಗಳ ಹಟಕ್ಕೆ ಶುರುವಾದದ್ದು ಈಗ ನನ್ನದೇ ಕೆಲಸವಾಗಿದೆ, ಸಂತೋಷದಿಂದಲೇ ಮಾಡುತ್ತೇನೆ. ಮನೆಗೆ ತಂದ ದಿನ ಅತ್ತೆ, “ಇಲೀನ ದುಡ್ಡು ಕೊಟ್ಟು ತಂದೀಯೇನವ್ವಾ? ನಮ್ಮ ಹಿತ್ತಲಾಗೇ ಬೇಕಾದಷ್ಟು ಅದಾವಲ್ಲ!” ಅಂದರು. ಈಗ ಸಂಜೆ ದೀಪ ಹಚ್ಚಿದ ಮೇಲೆ ಅವರೇ ಹೋಗಿ ನೀರಿನ ಬಾಟಲಿ ನೋಡುತ್ತಾರೆ.

ಅಂಗಡಿಯಲ್ಲಿ ಎಲ್ಲವನ್ನೂ ಬರೀ ‘ಡ್ವಾರ್ಫ್’ ಅಂತಲೇ ಮಾರುತ್ತಾರೆ. ಅದರೊಳಗೆ ಮುಖ್ಯವಾಗಿ ಮೂರು ಜಾತಿ. ಕ್ಯಾಂಪ್‌ಬೆಲ್ ಮತ್ತು ವಿಂಟರ್ ವೈಟ್ ಎರಡಕ್ಕೂ ಬೆನ್ನ ಮೇಲೆ ಉದ್ದಕ್ಕೆ ಕಪ್ಪು ಗೆರೆ ಇರುತ್ತದೆ, ಉದ್ದ 8–10 ಸೆಂ.ಮೀ., ತೂಕ 30ರಿಂದ 50 ಗ್ರಾಂ. ಇವೆರಡರ ಬೆರಕೆಯೂ ಸಾಮಾನ್ಯ. ರೋಬೊರೋವ್‌ಸ್ಕಿ ಇನ್ನೂ ಚಿಕ್ಕದು, 20–25 ಗ್ರಾಂ ಅಷ್ಟೇ. ಬೆನ್ನ ಮೇಲೆ ಗೆರೆ ಇಲ್ಲ, ಕಣ್ಣ ಮೇಲೆ ಬಿಳಿ ಹುಬ್ಬು. ನಮ್ಮ ‘ಸಾಸಿವೆ’ ಬೆರಕೆ ಜಾತಿಯದು, ‘ರಾಗಿ’ ರೋಬೊರೋವ್‌ಸ್ಕಿ. ಸಾಸಿವೆ ಕೈಮೇಲೆ ಹತ್ತುತ್ತದೆ. ರಾಗಿ ಹತ್ತುವುದಿಲ್ಲ, ಹತ್ತಿಸಲು ನಾವೂ ಹೋಗುವುದಿಲ್ಲ. ರೋಬೊ ತುಂಬ ಚುರುಕು, ಹೆದರಿ ಕೈಯಿಂದ ಜಿಗಿದರೆ ಕಾಲು ಮುರಿಯುತ್ತದೆ. ಅದನ್ನು ನೋಡಿಯೇ ಖುಷಿಪಡಬೇಕು.

ಕೊಳ್ಳುವಾಗ ಕಣ್ಣು ಹೊಳೆಯುತ್ತಿದೆಯೇ, ಹಿಂಭಾಗ ಒಣಗಿದೆಯೇ, ಉಸಿರಾಡುವಾಗ ಸದ್ದು ಬರುತ್ತಿಲ್ಲವೇ ನೋಡಿ. ಒಂದು ತೊಟ್ಟಿಗೆ ಒಂದೇ. “ಪಾಪ, ಒಂಟಿ ಆಗುತ್ತೆ, ಜೋಡಿ ತಗೊಳ್ಳಿ ಮೇಡಂ” ಅಂತ ಅಂಗಡಿಯವರು ಹೇಳುವುದುಂಟು. ಗಂಡು ಹೆಣ್ಣು ಕೂಡಿದರೆ ಸುಮಾರು ಮೂರು ವಾರಕ್ಕೆ ಮರಿ, ಹೆತ್ತ ದಿನವೇ ತಾಯಿ ಮತ್ತೆ ಗಬ್ಬವಾಗಬಲ್ಲದು. ಒಂದೇ ಲಿಂಗದ ಒಡಹುಟ್ಟಿದ ಮರಿಗಳು ಕೂಡ ಬೆಳೆದ ಮೇಲೆ ರಕ್ತ ಬರುವಂತೆ ಕಚ್ಚಾಡುವುದು ಸಾಮಾನ್ಯ. ನಮ್ಮಲ್ಲಿ ಎರಡು ತೊಟ್ಟಿ, ಎರಡು ನೀರಿನ ಬಾಟಲಿ, ಎರಡು ಚಕ್ರ.

ಬಣ್ಣಬಣ್ಣದ ತಂತಿ ಪಂಜರವನ್ನು ನಾನು ತರಲಿಲ್ಲ. ಅಲ್ಲಿ ಅಗೆಯಲು ಜಾಗವೇ ಇರುವುದಿಲ್ಲ, ಕಂಬಿಗಳ ಸಂದು ಒಂದು ಸೆಂ.ಮೀ. ಇದ್ದರೂ ಇವು ನುಸುಳಿಬಿಡುತ್ತವೆ. ಅಕ್ವೇರಿಯಂ ಅಂಗಡಿಯಲ್ಲಿ ನೀರು ಸೋರುತ್ತದೆ ಅಂತ ಪಕ್ಕಕ್ಕಿಟ್ಟಿದ್ದ ಮೀನಿನ ತೊಟ್ಟಿಗಳು ಅಗ್ಗಕ್ಕೆ ಸಿಕ್ಕವು, ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ. ನಮಗೆ ನೀರು ನಿಲ್ಲಬೇಕಾಗಿಲ್ಲವಲ್ಲ. ಮೇಲೆ ಮರದ ಚೌಕಟ್ಟಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ ಮುಚ್ಚಳ ಮಾಡಿಸಿದೆ. ಗಾಳಿಯೂ ಆಡುತ್ತದೆ, ಬೆಕ್ಕು, ಹಲ್ಲಿ, ಹಿತ್ತಲ ಇಲಿಗೂ ತಡೆ. ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟಿದ್ದೇನೆ. ಕೂಡಿಟ್ಟ ಕಾಳಿಗೆ ಇರುವೆ ಬರುವುದು ನಮ್ಮೂರಿನಲ್ಲಿ ಖಂಡಿತ, ಇರುವೆ ಪುಡಿ ಹಾಕುವ ಹಾಗಿಲ್ಲ.

ಒಳಗೆ ಹಾಸು ಆರರಿಂದ ಎಂಟು ಇಂಚು ದಪ್ಪ ಇರಲೇಬೇಕು. ನಮ್ಮಲ್ಲಿ ಸುಲಭಕ್ಕೆ ಸಿಗುವುದು ಸಾ ಮಿಲ್ಲಿನ ಹೊಟ್ಟು. ಅದು ಯಾವ ಮರದ್ದೋ ಗೊತ್ತಾಗುವುದಿಲ್ಲ, ದೂಳೂ ಹೆಚ್ಚು. ಪೈನ್, ದೇವದಾರಿನಂಥ ಘಾಟಿನ ಮರದ ಹೊಟ್ಟು ಉಸಿರಾಟಕ್ಕೆ ಕೆಡುಕು. ನಾನು ಅಚ್ಚಿಲ್ಲದ ಬಿಳಿ ಕಾಗದವನ್ನು ಸಣ್ಣಗೆ ಹರಿದು, ಸುವಾಸನೆ ಹಾಕಿರದ ಟಿಶ್ಯೂ ಕಾಗದ, ಚೆನ್ನಾಗಿ ಒಣಗಿಸಿದ ಗರಿಕೆ ಬೆರೆಸಿ ಒತ್ತಿ ತುಂಬುತ್ತೇನೆ. ಹುಲ್ಲು ಬೆರೆತರೆ ಸುರಂಗ ಕುಸಿಯುವುದಿಲ್ಲ. ಗಾಜಿನ ಬದಿಗೆ ಕಪ್ಪು ಬಟ್ಟೆ ಕಟ್ಟಿದ್ದೇವೆ. ಅದನ್ನು ಎತ್ತಿ ನೋಡಿದರೆ ಸಾಸಿವೆಯ ಮನೆ ಪೂರ್ತಿ ಕಾಣುತ್ತದೆ: ಮಲಗುವ ಕೋಣೆ ಒಂದು ಕಡೆ, ಕಣಜ ಇನ್ನೊಂದು ಕಡೆ, ಉಚ್ಚೆಗೆ ದೂರದ ಮೂಲೆ. ಯಾರೂ ಕಲಿಸಿದ್ದಲ್ಲ.

ಅರಳೆ ಮಾತ್ರ ಹಾಕಬೇಡಿ. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳ ಊರಾಗಿತ್ತು, ಅತ್ತೆಯಂಥ ಹಿರಿಯರಿಗೆ ಮೆತ್ತಗಿನ ಹಾಸಿಗೆ ಅಂದರೆ ಅರಳೆಯೇ. ಪ್ರೀತಿಯಿಂದಲೇ ಒಂದು ಹಿಡಿ ತಂದಿದ್ದರು. ಅದರ ಎಳೆ ಕಾಲಿಗೆ ಸುತ್ತಿಕೊಂಡರೆ ರಕ್ತ ನಿಂತು ಕಾಲೇ ಹೋಗಬಹುದು, ಹೊಟ್ಟೆಗೆ ಹೋದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಗಡಿಯಲ್ಲಿ ‘ಹ್ಯಾಮ್‌ಸ್ಟರ್ ಹಾಸಿಗೆ’ ಅಂತ ಮಾರುವ ಹತ್ತಿಯದೂ ಇದೇ ಕಥೆ.

ಮೈ ತೊಳೆಯುವುದು ಮರಳಿನಲ್ಲಿ. ನೀರಿನಲ್ಲಿ ಸ್ನಾನ ಮಾಡಿಸಿದರೆ ಚರ್ಮದ ಎಣ್ಣೆ ಹೋಗಿ, ಮೈ ತಣ್ಣಗಾಗಿ ಕಾಯಿಲೆ ಬೀಳುತ್ತವೆ. ಹರಿಹರದ ಕಡೆಯಿಂದ ತಂದ ಸ್ವಲ್ಪ ಹೊಳೆ ಮರಳನ್ನು ಜರಡಿ ಹಿಡಿದು, ನೀರು ತಿಳಿಯಾಗುವ ತನಕ ತೊಳೆದು, ಬಿಸಿಲಿಗೆ ಒಣಗಿಸಿ, ಹಳೇ ಬಾಣಲೆಯಲ್ಲಿ ಹುರಿದು ಆರಿಸಿ ಅಗಲ ಬಟ್ಟಲಿಗೆ ಹಾಕುತ್ತೇನೆ. ಮನೆ ಕಟ್ಟುವಲ್ಲಿ ರಾಶಿ ಬಿದ್ದಿರುವ ಎಂ ಸ್ಯಾಂಡ್ ಬೇಡ. ಕಲ್ಲು ಒಡೆದು ಮಾಡಿದ್ದು, ಚೂಪು, ದೂಳು. ಟಾಲ್ಕಂ ಪೌಡರ್ ಅಂತೂ ಬೇಡವೇ ಬೇಡ. ಮರಳುಗಾಡಿನ ಮೂಲದ ರಾಗಿಗೆ ತೊಟ್ಟಿಯ ಮೂರರಲ್ಲೊಂದು ಭಾಗ ಮರಳೇ ಕೊಟ್ಟಿದ್ದೇನೆ.

ಚಕ್ರ 16ರಿಂದ 20 ಸೆಂ.ಮೀ. ವ್ಯಾಸದ್ದಿರಬೇಕು, ಓಡುವ ಜಾಗ ಹಲಗೆಯಂತೆ ಮುಚ್ಚಿರಬೇಕು. ಅಂಗಡಿಯ ಪುಟ್ಟ ತಂತಿ ಚಕ್ರದಲ್ಲಿ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಕಾಲು ಕಂಬಿಗೆ ಸಿಕ್ಕುತ್ತದೆ. ಇವು ಒಂದೊಂದು ರಾತ್ರಿ ಹಲವು ಕಿಲೋಮೀಟರ್ ಓಡುವ ಪ್ರಾಣಿಗಳು, ಆ ಬೆನ್ನಿನ ಗತಿ ಯೋಚಿಸಿ. ನನ್ನ ತಮ್ಮ ಅಗಲವಾದ ಪ್ಲಾಸ್ಟಿಕ್ ಡಬ್ಬಿಗೆ ನಡುವೆ ಚಿಕ್ಕ ಬೇರಿಂಗ್ ಕೂರಿಸಿ ಮಾಡಿಕೊಟ್ಟ. ಸದ್ದೇ ಇಲ್ಲ, ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡಬಹುದು.

ಊಟದ ವಿಷಯದಲ್ಲಿ ನಾವು ಪುಣ್ಯವಂತರು. ಬೇರೆ ದೇಶಗಳಲ್ಲಿ ಹ್ಯಾಮ್‌ಸ್ಟರ್‌ಗೆ ಅಂತ ಪೊಟ್ಟಣದಲ್ಲಿ ಕೊಳ್ಳುವ ಸಿರಿಧಾನ್ಯ ದಾವಣಗೆರೆ, ಚಿತ್ರದುರ್ಗದ ಬಯಲು ಹೊಲದಲ್ಲೇ ಬೆಳೆಯುತ್ತದೆ. ಹೊಸದುರ್ಗದ ಕಡೆಯ ಸಾವೆ, ನವಣೆ, ಜೊತೆಗೆ ಸ್ವಲ್ಪ ಸಜ್ಜೆ. ಹೊಟ್ಟು ತೆಗೆಯದ ಕಾಳೇ ಬೇಕು. ಸುಲಿದು ತಿನ್ನುವುದು ಅದಕ್ಕೆ ಕೆಲಸ, ಹಲ್ಲಿಗೂ ಒಳ್ಳೆಯದು. ಸೊಸೈಟಿ, ಕಿರಾಣಿಯಲ್ಲಿ ಸಿಗುವುದು ಅಕ್ಕಿ ಮಾಡಿದ್ದು. ಹೊಟ್ಟಿರುವುದು ಬೇಕೆಂದರೆ ಲವ್ ಬರ್ಡ್ಸ್ ಕಾಳು ಮಾರುವಲ್ಲಿ ಕೇಳಿ, ಅದರಲ್ಲಿ ಹೆಚ್ಚಾಗಿ ಇರುವುದು ನವಣೆಯೇ. ಹಳ್ಳಿಯಿಂದ ಯಾರಾದರೂ ಬಂದರೆ ನಾನು ತೆನೆಯನ್ನೇ ತರಿಸುತ್ತೇನೆ. ಹಾಸಿನಲ್ಲಿ ತೆನೆ ನೆಟ್ಟು ಬಿಟ್ಟರೆ ಸಾಸಿವೆ ಅದನ್ನು ಬುಡದಲ್ಲಿ ಕಡಿದು ಬೀಳಿಸಿ, ಕಾಳು ಉದುರಿಸಿ, ಕೆನ್ನೆ ಊದಿಸಿಕೊಂಡು ಹೋಗುವುದನ್ನು ನೋಡುವುದೇ ಒಂದು ಹಬ್ಬ.

ಇದಕ್ಕೆ ಚೂರು ಅಗಸೆ, ನಾಲ್ಕಾರು ಕುಸುಬೆ ಕಾಳು ಸೇರಿಸುತ್ತೇನೆ. ಎಣ್ಣೆಕಾಳು ಹೆಚ್ಚಾದರೆ ಬೊಜ್ಜು, ಅದಕ್ಕೇ ಸೂರ್ಯಕಾಂತಿ ಬೀಜ ಪಳಗಿಸುವಾಗ ಕೈಯಿಂದ ಕೊಡಲು ಮಾತ್ರ. ಧಾನ್ಯ ಒಂದರಲ್ಲೇ ಪ್ರೋಟೀನ್ ಸಾಲದು. ಹ್ಯಾಮ್‌ಸ್ಟರ್ ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ) ಬೆರೆಸುತ್ತೇನೆ, ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಬಟಾಣಿ ಗಾತ್ರ. ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚದಷ್ಟು ಸಾಕು. ಬಟ್ಟಲಿಗೆ ಹಾಕದೆ ಹಾಸಿನ ಮೇಲೆ ಚೆಲ್ಲಿ, ಹುಡುಕಿ ತಿನ್ನಲಿ.

ಕ್ಯಾಂಪ್‌ಬೆಲ್ ಮತ್ತು ಬೆರಕೆಗಳಿಗೆ ಸಕ್ಕರೆ ಕಾಯಿಲೆ ಬೇಗ ಅಂಟುತ್ತದೆ. ಹಾಗಾಗಿ ಬಾಳೆಹಣ್ಣು, ದ್ರಾಕ್ಷಿ, ಬೆಲ್ಲ, ಬಿಸ್ಕತ್ತು ನಮ್ಮ ಮನೆಯಲ್ಲಿ ನಿಷಿದ್ಧ. ಮೆಕ್ಕೆಜೋಳ ನಮ್ಮ ಜಿಲ್ಲೆಯಲ್ಲಿ ರಾಶಿ ರಾಶಿ ಸಿಕ್ಕರೂ ಅದನ್ನು ದಿನದ ಊಟ ಮಾಡಬೇಡಿ. ಮನೆಗೆ ಬಂದವರು ಪ್ರೀತಿಗೆ ಮಂಡಕ್ಕಿ ಹಾಕಲು ಬರುತ್ತಾರೆ. ಅದು ಬರೀ ಪಿಷ್ಟ, ಒಗ್ಗರಣೆಯದಾದರೆ ಉಪ್ಪು ಖಾರ ಬೇರೆ. ಕೊಡಲೇಬೇಕು ಅನ್ನುವವರ ಕೈಗೆ ಸೌತೆಕಾಯಿಯ ಚೂರೋ ಕೊತ್ತಂಬರಿ ಎಲೆಯೋ ಕೊಟ್ಟುಬಿಡುತ್ತೇನೆ. ಈರುಳ್ಳಿ, ಬೆಳ್ಳುಳ್ಳಿ, ನಿಂಬೆ ಜಾತಿಯ ಹಣ್ಣು, ಹಸಿ ಆಲೂಗಡ್ಡೆ, ಚಾಕೊಲೇಟ್ ಯಾವತ್ತೂ ಕೂಡದು. ಮುಂದಿನ ಹಲ್ಲು ಜೀವಮಾನ ಪೂರ್ತಿ ಬೆಳೆಯುತ್ತಲೇ ಇರುತ್ತದೆ, ಕಡಿಯಲು ಔಷಧಿ ಹೊಡೆಯದ ಪೇರಲ ಗಿಡದ ಒಣ ಕೊಂಬೆ ಇಟ್ಟಿರಿ.

ಇನ್ನು ಬೇಸಿಗೆ. ನಮ್ಮೂರಲ್ಲಿ ಹ್ಯಾಮ್‌ಸ್ಟರ್ ಉಳಿಯುವುದೂ ಹೋಗುವುದೂ ಮಾರ್ಚ್‌ನಿಂದ ಮೇ ತನಕದ ಆರೈಕೆಯಲ್ಲಿದೆ. ಅದಕ್ಕೆ ಹಿತವಾದ ಶಾಖ 18ರಿಂದ 24 ಡಿಗ್ರಿ. 30 ದಾಟಿತು ಅಂದರೆ ಅಪಾಯ. ಅದು ನಮ್ಮಂತೆ ಬೆವರುವುದಿಲ್ಲ, ಆದ್ದರಿಂದ ಫ್ಯಾನ್ ಹಾಕಿಬಿಟ್ಟರೆ ಆಯಿತು ಅನ್ನುವ ಹಾಗಿಲ್ಲ. ಬಿಸಿ ಗಾಳಿಯನ್ನೇ ಅದು ತಿರುಗಿಸುತ್ತದೆ. ತೊಟ್ಟಿಯ ಪಕ್ಕದಲ್ಲೇ ಥರ್ಮಾಮೀಟರ್ ತೂಗುಹಾಕಿ, ನಿಮ್ಮ ಅಂದಾಜನ್ನು ನಂಬಬೇಡಿ. ತಾರಸಿ ಕೋಣೆ, ಶೀಟಿನ ಮನೆ, ಪಶ್ಚಿಮದ ಗೋಡೆ ಮೂರೂ ಬೇಡ. ನಮ್ಮಲ್ಲಿ ನೆಲಮಹಡಿಯ ನಡುಮನೆ ಎಲ್ಲಕ್ಕಿಂತ ತಂಪು, ಬೇಸಿಗೆಯಲ್ಲಿ ತೊಟ್ಟಿಗಳು ಅಲ್ಲಿಗೆ ಹೋಗುತ್ತವೆ.

ಒಳಗೊಂದು ಗ್ರಾನೈಟ್ ತುಂಡು ಇಟ್ಟಿದ್ದೇನೆ, ಅಡುಗೆ ಕಟ್ಟೆ ಮಾಡಿಸಿದಾಗ ಉಳಿದದ್ದು. ಮಧ್ಯಾಹ್ನ ಸಾಸಿವೆ ಅದರ ಮೇಲೆ ಹೊಟ್ಟೆ ಚಾಚಿ ಮಲಗುತ್ತದೆ. ಬಾಯಿ ಅಗಲದ ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿ ಅರ್ಧ ಹೂತಿದ್ದೇನೆ, ಪ್ಲಾಸ್ಟಿಕ್ ಗೂಡಿಗಿಂತ ಎಷ್ಟೋ ತಂಪು. ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ತೊಟ್ಟಿಯ ಹೊರಗೆ ಗಾಜಿಗೆ ಒರಗಿಸುತ್ತೇನೆ. ಒಂದೇ ಬದಿಗೆ, ಬೇಕಾದರೆ ಹತ್ತಿರ ಬರಲಿ, ಸಾಕೆನಿಸಿದರೆ ದೂರ ಹೋಗಲಿ. ಒಳಗೆ ಮಾತ್ರ ಏನನ್ನೂ ಒದ್ದೆ ಮಾಡುವುದಿಲ್ಲ. ನಮ್ಮ ಬೇಸಿಗೆಯ ಗಾಳಿ ಒಣದು, ಹಾಗಾಗಿ ಕಿಟಕಿಗೆ ಒದ್ದೆ ಚಾದರ ಕಟ್ಟಿದರೆ ಕೋಣೆಯ ಶಾಖ ಇಳಿಯುತ್ತದೆ. ಕರೆಂಟ್ ಹೋಗುವ ಹೊತ್ತಿಗೆ ಬಾಟಲಿಗಳು ಸಿದ್ಧವಿರಬೇಕು.

ಬಾಯಿಂದ ಜೊಲ್ಲು, ನಡುಕ, ಮುಟ್ಟಿದರೂ ಏಳದಿರುವುದು ಶಾಖದ ಹೊಡೆತದ ಲಕ್ಷಣ. ಕೂಡಲೇ ತಂಪು ಜಾಗಕ್ಕೆ ತಂದು, ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಮೈಗೆ ಸವರಿ. ಐಸ್ ನೀರು ಬೇಡ. ಬಾಯಿಗೆ ನೀರು ಸುರಿಯಬೇಡಿ, ತುಟಿಗೆ ಹನಿ ಮುಟ್ಟಿಸಿ ನೋಡಿ, ತಾನಾಗಿ ನೆಕ್ಕಿದರೆ ಸರಿ. ಆಮೇಲೆ ಡಾಕ್ಟರ ಹತ್ತಿರ.

ನಮ್ಮ ಚಳಿಗಾಲ ಅವಕ್ಕೆ ಸುಖ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಸ್ವಚ್ಛತೆ ಅಂತ ಇಡೀ ತೊಟ್ಟಿಯನ್ನು ತೊಳೆದು ಹೊಸದು ಹಾಸಬೇಡಿ. ತನ್ನ ವಾಸನೆಯಿಂದಲೇ ಅದು ತನ್ನ ಮನೆಯನ್ನು ಗುರುತಿಸುವುದು. ಉಚ್ಚೆಯ ಮೂಲೆಯನ್ನು ಆಗಾಗ ತೆಗೆದು, ಉಳಿದದ್ದನ್ನು ಮೂರರಲ್ಲಿ ಒಂದು ಪಾಲಿನಂತೆ ಬದಲಿಸುತ್ತೇನೆ. ಹಸಿ ತರಕಾರಿ ಕೊಳೆತಿದ್ದರೆ ತೆಗೆದು, ಒಣ ಕಾಳಿನ ಕಣಜ ಅಲ್ಲೇ ಬಿಡುತ್ತೇನೆ.

ಆರೋಗ್ಯ ನೋಡಿಕೊಳ್ಳಲು ನನಗೆ ಹೆಚ್ಚು ನೆರವಾದದ್ದು ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ಪುಟ್ಟ ಡಿಜಿಟಲ್ ತಕ್ಕಡಿ. ಪ್ರತಿ ಭಾನುವಾರ ಮಗಳು ಲೋಟದೊಳಗೆ ಬಿಟ್ಟು ತೂಗಿ ಪುಸ್ತಕದಲ್ಲಿ ಬರೆಯುತ್ತಾಳೆ. ಇಷ್ಟು ಚಿಕ್ಕ ಮೈಯಲ್ಲಿ ನಾಲ್ಕೈದು ಗ್ರಾಂ ಇಳಿದರೂ ದೊಡ್ಡ ಸುದ್ದಿ. ಕಾಯಿಲೆಯನ್ನು ಇವು ಮುಚ್ಚಿಡುತ್ತವೆ, ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ನೀರು ಹೆಚ್ಚು ಕುಡಿಯುತ್ತಿದೆ, ಹಾಸು ಬೇಗ ಒದ್ದೆಯಾಗುತ್ತಿದೆ ಅನಿಸಿದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಮೂತ್ರ ಸಕ್ಕರೆಯ ಪಟ್ಟಿ ತಂದು, ಒಣ ಡಬ್ಬಿಯಲ್ಲಿ ಬಿಟ್ಟು, ಉಚ್ಚೆ ಹೊಯ್ದಾಗ ಅದ್ದಿ ಬಣ್ಣ ನೋಡಿ. ಹಿಂಭಾಗ ಒದ್ದೆ, ಭೇದಿ ಕಂಡರೆ ನಾಳೆಗೆ ಬಿಡಬೇಡಿ.

ಜಿಲ್ಲೆಯ ಪಶುವೈದ್ಯರ ಕೈಗೆ ದಿನವೂ ಬರುವುದು ಎಮ್ಮೆ, ಆಕಳು, ಕುರಿ, ನಾಯಿ. ಮೊಲ, ಹ್ಯಾಮ್‌ಸ್ಟರ್ ನೋಡುತ್ತಾರೆಯೇ ಅಂತ ಆರೋಗ್ಯವಾಗಿರುವಾಗಲೇ ವಿಚಾರಿಸಿ ಫೋನ್ ನಂಬರ್ ಇಟ್ಟುಕೊಳ್ಳಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅಷ್ಟು ದೂರವೇನಲ್ಲ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಸಿರಪ್ ಹನಿ ಹಾಕುವುದು ಮಾತ್ರ ಬೇಡವೇ ಬೇಡ. ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಮೈಸಿನ್‌ನಂಥವು ಹ್ಯಾಮ್‌ಸ್ಟರ್‌ನ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ಕೆಟ್ಟವು ಬೆಳೆದು, ಪ್ರಾಣಕ್ಕೇ ಎರವಾಗುತ್ತವೆ.

ಪಳಗಿಸುವುದಕ್ಕೆ ಅವಸರವಿಲ್ಲ. ಹಗಲು ಮಲಗಿದ್ದನ್ನು ಎಬ್ಬಿಸಬೇಡಿ. ಮಗಳು ರಾತ್ರಿ ಓದು ಮುಗಿಸಿ, ಕೈ ತೊಳೆದು, ಅಂಗೈಯನ್ನು ತೊಟ್ಟಿಯ ತಳಕ್ಕೆ ಇಟ್ಟು ಸುಮ್ಮನೆ ಕೂರುತ್ತಾಳೆ. ಮೇಲಿನಿಂದ ಕೈ ಇಳಿದರೆ ಅದಕ್ಕೆ ಹದ್ದು ಬಂದಂತೆ. ಗಣಪತಿ ಮೆರವಣಿಗೆಯ ಡಿಜೆ, ದೀಪಾವಳಿ ಪಟಾಕಿಯ ದಿನಗಳಲ್ಲಿ ಒಳಕೋಣೆಗೆ ಸರಿಸಿ, ಹಾಸು ಇನ್ನೂ ಎರಡು ಇಂಚು ಹೆಚ್ಚಿಸುತ್ತೇವೆ. ಆಳಕ್ಕೆ ಇಳಿದರೆ ಅವಕ್ಕೆ ಸದ್ದು ಕಡಿಮೆ.

ಇವುಗಳ ಆಯಸ್ಸು ಒಂದೂವರೆ ಎರಡು ವರ್ಷ, ರೋಬೊ ಮೂರರ ತನಕ ಬದುಕುವುದುಂಟು. ಇದನ್ನು ಮಕ್ಕಳಿಗೆ ತರುವ ಮೊದಲೇ ಹೇಳಿರಬೇಕು, ನಾನು ಹೇಳಿದ್ದೆ. ಸಾಸಿವೆಗೆ ಈಗ ವಯಸ್ಸಾಗಿದೆ. ಎತ್ತರದ ಮೆಟ್ಟಿಲು ತೆಗೆದಿದ್ದೇನೆ, ನೀರಿನ ನಳಿಗೆ ತಗ್ಗಿಸಿದ್ದೇನೆ, ಪೆಲೆಟ್ ನೆನೆಸಿ ಕೊಡುತ್ತೇನೆ. ಚಕ್ರ ಹಾಗೇ ಇದೆ, ಓಡುವುದು ಬಿಡುವುದು ಅದರ ಇಷ್ಟ.