ಚಿತ್ರಪುಸ್ತಕ ಓದುವ ಮುಂಚೆ ಅಕ್ಷರ ಮುಚ್ಚಿಡಿ
ಕೆರೆ, ಮರ, ಹಕ್ಕಿಗಳ ಚಿತ್ರಪುಸ್ತಕವನ್ನು ಮಗುವಿಗೆ ಓದಿ ಹೇಳುವ ಮುಂಚೆ, ಪುಟದ ಅಕ್ಷರಗಳನ್ನು ಒಂದು ಚೀಟಿಯಿಂದ ಮುಚ್ಚಿ. ಆಮೇಲೆ ‘ಇದೇನು?’ ಅಂತ ಕೇಳಬೇಡಿ, ‘ಇದು ಏನು ಮಾಡ್ತಿದೆ?’ ಅಂತ ಕೇಳಿ. ಹೆಸರು ಕೇಳಿದರೆ ಮಾತು ‘ಹಕ್ಕಿ’ ಅನ್ನುವಲ್ಲಿಗೇ ನಿಲ್ಲುತ್ತದೆ. ಕೆಲಸ ಕೇಳಿದರೆ ವಾಕ್ಯವೇ ಬರುತ್ತದೆ: ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದೆ, ಕಪ್ಪೆ ಪುಳಕ್ ಅಂತ ನೀರಿಗೆ ಹಾರಿತು. ಆ ವಾಕ್ಯವನ್ನು ಮಗುವಿನ ಕೈಯಲ್ಲೇ ಚೀಟಿಯ ಮೇಲೆ ಬರೆಸಿ. ಪುಳಕ್, ಪಟಪಟ, ಜುಳುಜುಳು ಥರದ ಪದಗಳನ್ನು ಖಂಡಿತ ಬರೆಸಿ. ನಮ್ಮ ಭಾಷೆಯಲ್ಲಿ ಇವು ರಾಶಿ ಇವೆ, ಒತ್ತಕ್ಷರ ಇನ್ನೂ ಕೈಗೆ ಕೂರದ ಮಕ್ಕಳೂ ಇವನ್ನು ಧೈರ್ಯವಾಗಿ ಬರೆಯುತ್ತಾರೆ. ಪುಟಕ್ಕೆ ಒಂದೇ ಸಾಲು ಸಾಕು. ಆಮೇಲೆ ಚೀಟಿ ಎತ್ತಿ ಪುಸ್ತಕದ ಸಾಲು ಓದಿ. ಅದೇ ಜಾಗಕ್ಕೆ ಮಗು ಈಗಷ್ಟೇ ತನ್ನ ಪದ ಹುಡುಕಿರುತ್ತದೆ, ಹಾಗಾಗಿ ಪುಸ್ತಕದ ಹೊಸ ಪದ ತಾನಾಗಿ ಕಣ್ಣಿಗೆ ಬೀಳುತ್ತದೆ. ಭಾನುವಾರ ಲಾಲ್‌ಬಾಗ್ ಕೆರೆಗೋ ಮಡಿವಾಳ ಕೆರೆಗೋ ಹೋಗುವುದಿದ್ದರೆ ಚೀಟಿಗಳು ಜೊತೆಗಿರಲಿ, ನಿಜವಾದ ನೀರುಕಾಗೆ ನೋಡಿದ ಮೇಲೆ ಮಕ್ಕಳು ಸಾಲನ್ನು ತಾವೇ ತಿದ್ದುತ್ತಾರೆ. ಬಿಳಿ ಹಾಳೆಯ ನಡುವೆ ಸುಮ್ನೆ ಒಂದು ಆನೆ ನಿಂತಿರುವ ಪುಸ್ತಕಕ್ಕೆ ಇದು ಆಗಿಬರುವುದಿಲ್ಲ, ಚಿತ್ರದಲ್ಲಿ ಏನಾದರೂ ನಡೆಯುತ್ತಿರಬೇಕು. ಇನ್ನೂ ಬರೆಯಲು ಬಾರದ ಪುಟಾಣಿಗಳಾದರೆ ಅವರು ಹೇಳಿದ್ದನ್ನು ಹೇಳಿದ ಹಾಗೇ ನೀವು ಬರೆದುಕೊಡಿ. ಮತ್ತೆ, ಬರೆಯುತ್ತಿರುವಾಗಲೇ ಕಾಗುಣಿತ ತಿದ್ದಲು ಹೋಗಬೇಡಿ, ಮಗು ಅಲ್ಲಿಗೇ ಪೆನ್ಸಿಲ್ ಕೆಳಗಿಡುತ್ತದೆ. ಪುಸ್ತಕ ಇಲ್ಲದವರಿಗೆ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಪ್ರಿಂಟ್ ಹಾಕಿಸಿಕೊಳ್ಳಿ.