ಜಿಮ್ಮಿನ ಒಂದು ಗಂಟೆಯಲ್ಲ, ಉಳಿದ ದಿನ ನೋಡಿ ಆರಿಸಿದೆ

ಕ್ಯಾಲೊರಿ ಲೆಕ್ಕದ ಯಾವ ಆ್ಯಪ್ ತೆರೆದರೂ ವಯಸ್ಸು, ಎತ್ತರ, ತೂಕ ಕೇಳುತ್ತದೆ. ಆಮೇಲೆ ಕೇಳುವುದು ಚಟುವಟಿಕೆ ಮಟ್ಟ. ಮೊದಲ ಮೂರನ್ನು ಅಳೆದು ಹೇಳಬಹುದು. ನಾಲ್ಕನೆಯದಕ್ಕೆ ಮಾತ್ರ ನಮ್ಮ ಬಗ್ಗೆ ನಮಗಿರುವ ಅಭಿಮಾನವೇ ಉತ್ತರ ಕೊಟ್ಟುಬಿಡುತ್ತದೆ. ವಾರಕ್ಕೆ ನಾಲ್ಕು ದಿನ ಜಿಮ್‌ಗೆ ಹೋಗುವವರು ತಮ್ಮನ್ನು 'ಕೂತಲ್ಲೇ ಇರುವವರು' ಅಂತ ಒಪ್ಪಿಕೊಳ್ಳುವುದು ಕಷ್ಟ, ಅಲ್ವಾ?

ನನ್ನ ಲೆಕ್ಕವನ್ನೇ ಹೇಳುತ್ತೇನೆ. ವಯಸ್ಸು 35, ಎತ್ತರ 160 ಸೆಂ.ಮೀ., ಶುರುವಿನಲ್ಲಿ ತೂಕ 70 ಕೆಜಿ. 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ ಈಗ ಹೆಚ್ಚು ಬಳಕೆಯಲ್ಲಿದೆ. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಬೇಕು. ಅದರಲ್ಲಿ ವಯಸ್ಸಿನ ಐದರಷ್ಟು ಕಳೆಯಬೇಕು. ಹೆಂಗಸರು ಇನ್ನೂ 161 ಕಳೆಯಬೇಕು, ಗಂಡಸರು 5 ಕೂಡಿಸಬೇಕು. ನನಗೆ ಬಂದದ್ದು 1364 ಕ್ಯಾಲೊರಿ. ಇಡೀ ದಿನ ಸುಮ್ನೆ ಮಲಗಿದ್ದರೂ ದೇಹಕ್ಕೆ ಹೆಚ್ಚುಕಡಿಮೆ ಇಷ್ಟು ಬೇಕು.

ಚಟುವಟಿಕೆ ಮಟ್ಟದ ಕೆಲಸ ಈ ಸಂಖ್ಯೆಯನ್ನು ಗುಣಿಸುವುದು. ಸೆಡೆಂಟರಿ (ಕೂತಲ್ಲೇ ಇರುವವರು) ಅಂದರೆ 1.2, ಲೈಟ್ (ಸ್ವಲ್ಪ ಚಟುವಟಿಕೆ) 1.375, ಮಾಡರೇಟ್ (ಮಧ್ಯಮ) 1.55. ಅದರ ಮೇಲೆ 1.725 ಮತ್ತು 1.9 ಕೂಡ ಇವೆ, ಮೈಮುರಿದು ದುಡಿಯುವವರಿಗೆ, ಕ್ರೀಡಾಪಟುಗಳಿಗೆ. ನನ್ನ ಲೆಕ್ಕದಲ್ಲಿ ಮೊದಲ ಮೂರು ಮಟ್ಟಕ್ಕೆ 1637, 1876, 2114 ಬರುತ್ತದೆ. ಒಂದು ಮೆಟ್ಟಿಲು ಹತ್ತಿದರೆ ಸುಮಾರು 240 ಕ್ಯಾಲೊರಿ ಜಾಸ್ತಿ. ತೂಕ ಇಳಿಸಲು ನಾವು ದಿನಕ್ಕೆ ಕಡಿಮೆ ಮಾಡುವುದೇ 300-500. ಎರಡು ಮೆಟ್ಟಿಲು ಮೇಲೆ ನಿಂತರೆ ಅದಷ್ಟೂ ಹೋಯಿತು.

ಹಾಗಾಗಿ ನಾನು ಜಿಮ್ಮಿನ ಒಂದು ಗಂಟೆಯನ್ನು ಪಕ್ಕಕ್ಕಿಟ್ಟೆ. ಎಚ್ಚರವಾಗಿರುವ ಉಳಿದ ಹೊತ್ತು ಹೇಗೆ ಕಳೆಯುತ್ತದೆ ಅಂತ ನೋಡಿದೆ. ಕೆಲಸ ಕಂಪ್ಯೂಟರ್ ಮುಂದೆ. ರಜೆ ಇದ್ದರೂ ಕುರ್ಚಿಯಿಂದ ಸೋಫಾಗೆ. ಫೋನಿನಲ್ಲಿ ಹೆಜ್ಜೆಗಳ ಸರಾಸರಿ ನೋಡಿದ ಮೇಲೆ ಅನುಮಾನವೇ ಉಳಿಯಲಿಲ್ಲ. ಸೆಡೆಂಟರಿ ಒತ್ತಿದೆ. ಇಡೀ ದಿನ ನಿಂತು ಪಾಠ ಮಾಡುವ ಟೀಚರ್ ಅಥವಾ ವಾರ್ಡಿನಲ್ಲಿ ಓಡಾಡುವ ನರ್ಸ್ ಜಿಮ್ ಮುಖ ನೋಡದಿದ್ದರೂ ನನಗಿಂತ ಮೇಲಿನ ಮಟ್ಟದವರು.

ಇಲ್ಲಿ ಒಂದು ತೊಡಕಿದೆ. ಕೆಲವು ಆ್ಯಪ್‌ಗಳ ಮಟ್ಟದಲ್ಲಿ ವ್ಯಾಯಾಮವೂ ಸೇರಿರುತ್ತದೆ. ಇನ್ನು ಕೆಲವು ವ್ಯಾಯಾಮ ಬಿಟ್ಟು ಉಳಿದ ದಿನವನ್ನಷ್ಟೇ ಕೇಳಿ, ವ್ಯಾಯಾಮದ ಕ್ಯಾಲೊರಿಯನ್ನು ಆಮೇಲೆ ಬೇರೆಯಾಗಿ ಕೂಡಿಸುತ್ತವೆ. ಎರಡನೇ ಥರದ ಆ್ಯಪ್‌ನಲ್ಲಿ ಜಿಮ್ ಲೆಕ್ಕ ಹಿಡಿದು ಮಾಡರೇಟ್ ಆರಿಸಿ, ವ್ಯಾಯಾಮದ ಕ್ಯಾಲೊರಿ ಅಂದಾಜಿಸುವ ಸ್ಮಾರ್ಟ್ ವಾಚ್ ಕೂಡ ಜೋಡಿಸಿದರೆ ಒಂದೇ ಬೆವರಿಗೆ ಎರಡು ಸಲ ಕೂಲಿ. ಸಾಲದ್ದಕ್ಕೆ ವಾಚ್ ತೋರಿಸುವ ಸಂಖ್ಯೆಯಲ್ಲಿ ಸುಮ್ನೆ ಕೂತಿದ್ದರೂ ಖರ್ಚಾಗುತ್ತಿದ್ದ ಭಾಗವೂ ಸೇರಿರಬಹುದು. 70 ಕೆಜಿ ಇರುವವರು ಒಂದು ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಸುಮಾರು 245 ಕ್ಯಾಲೊರಿ. ಅದರಲ್ಲಿ 70 ಕೂತಿದ್ದರೂ ಆಗುತ್ತಿತ್ತು. ನಾನು ವಾಚ್ ಜೋಡಣೆಯನ್ನೇ ತೆಗೆದುಹಾಕಿದೆ.

ಇಷ್ಟಾದರೂ ಇದು ಅಂದಾಜೇ. ಸರಿಯಾದ ಮಟ್ಟ ಹೇಳುವುದು ತಕ್ಕಡಿ. ದಿನಕ್ಕೆ ಸರಾಸರಿ 1400 ತಿನ್ನುತ್ತಾ, ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಿ, ವಾರದ ಸರಾಸರಿ ಬರೆದಿಟ್ಟೆ. ಮೊದಲ ವಾರ ಲೆಕ್ಕಕ್ಕಿಲ್ಲ, ಆಗ ಇಳಿಯುವುದು ಹೆಚ್ಚಾಗಿ ನೀರು. ಆಮೇಲಿನ ನಾಲ್ಕು ವಾರ ಮುಖ್ಯ. ಹೆಂಗಸರಿಗೆ ನಾಲ್ಕು ವಾರಕ್ಕಿಂತ ಕಡಿಮೆ ಸಾಲದು. ಮುಟ್ಟಿನ ಮುಂಚೆ ನೀರು ತುಂಬಿ ತೂಕ ಏರುತ್ತದೆ, ಆಮೇಲೆ ಇಳಿಯುತ್ತದೆ. ತಿಂಗಳ ಅದೇ ಹೊತ್ತನ್ನು ಅದೇ ಹೊತ್ತಿಗೆ ಹೋಲಿಸಬೇಕು.

ಆ 28 ದಿನದಲ್ಲಿ ಇಳಿದದ್ದು 1.4 ಕೆಜಿ. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಅಂತ ಹಿಡಿದರೆ ದಿನಕ್ಕೆ 385 ಕೊರತೆ. ತಿಂದ 1400ಕ್ಕೆ ಅದನ್ನು ಕೂಡಿದರೆ 1785. ಇದನ್ನು 1364ರಿಂದ ಭಾಗಿಸಿದರೆ 1.3. ಅಂದರೆ ಜಿಮ್ಮೂ ಸೇರಿ ನನ್ನ ಮಟ್ಟ ಸೆಡೆಂಟರಿ ಮತ್ತು ಲೈಟ್ ನಡುವೆ. ಮಾಡರೇಟ್ ಆರಿಸಿ, ಅದರಿಂದ 330 ಕಡಿಮೆ ತಿಂದಿದ್ದರೂ ತೂಕ ಇದ್ದಲ್ಲೇ ಇರುತ್ತಿತ್ತು. 'ಕಡಿಮೆ ತಿಂದರೂ ಇಳಿಯುತ್ತಿಲ್ಲ' ಅನ್ನುವವರಲ್ಲಿ ಎಷ್ಟೋ ಜನರ ಕಥೆ ಇದೇ ಇರಬೇಕು.

ಈ 1785 ನನ್ನ ದೇಹದ ನಿಜವಾದ ಖರ್ಚು ಅಂತ ನಾನು ನಂಬಿಲ್ಲ. ಅಡುಗೆಯ ಎಣ್ಣೆ, ರುಚಿ ನೋಡಿದ ಚಮಚ, ಎಲ್ಲಾ ಬರೆದಿರುವುದಿಲ್ಲ. ಆದರೆ ಪ್ರತಿ ವಾರ ಬಿಟ್ಟುಹೋಗುವುದು ಹೆಚ್ಚುಕಡಿಮೆ ಒಂದೇ ಆದರೆ ಆ ತಪ್ಪು ಈ ಸಂಖ್ಯೆಯೊಳಗೇ ಸೇರಿಹೋಗಿದೆ. ನನ್ನ ಅಳತೆಗೆ ಇದು ಸರಿ, ಇನ್ನೊಬ್ಬರಿಗೆ ಉಪಯೋಗವಿಲ್ಲ.

1400ಕ್ಕೆ ಸಂಜೆ ಹೊತ್ತಿಗೆ ಸಿಡಿಮಿಡಿ ಶುರುವಾಗುತ್ತಿತ್ತು. 1450ಕ್ಕೆ ಏರಿಸಿದೆ. ವಾರಕ್ಕೆ 300 ಗ್ರಾಂ ಇಳಿದರೂ ನನಗೆ ಸಾಕು. ಹಾಲೂಡಿಸುವವರು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಇದನ್ನು ಡಾಕ್ಟರ್ ಹತ್ತಿರ ಮಾತಾಡಿಯೇ ಶುರು ಮಾಡಬೇಕು.

ಆ್ಯಪ್‌ನಲ್ಲಿ 1.3 ಅನ್ನುವ ಆಯ್ಕೆ ಇಲ್ಲ. ಗುರಿಯ ಸಂಖ್ಯೆಯನ್ನೇ ಕೈಯಾರೆ ಹಾಕುತ್ತೇನೆ. ಐದು ಕೆಜಿ ಇಳಿದರೆ ಸೂತ್ರದ ಪ್ರಕಾರ 50, ಅದನ್ನು 1.3ರಿಂದ ಗುಣಿಸಿದರೆ 65 ಕ್ಯಾಲೊರಿ ಕಡಿಮೆಯಾಗುತ್ತದೆ, ಆಗ ಮತ್ತೆ ಲೆಕ್ಕ ಹಾಕುತ್ತೇನೆ. ನಡುವೆ ಹೆಜ್ಜೆಗಳ ಸರಾಸರಿ ಮಾತ್ರ ನೋಡುತ್ತಿರುತ್ತೇನೆ. ಕಡಿಮೆ ತಿನ್ನುವಾಗ ಗೊತ್ತಿಲ್ಲದೆಯೇ ಓಡಾಟವೂ ಕಡಿಮೆಯಾಗುತ್ತದೆ. ಅದು ಕುಸಿದರೆ ಮೊದಲು ಅದನ್ನೇ ಸರಿ ಮಾಡುತ್ತೇನೆ, ಊಟಕ್ಕೆ ಕೈ ಹಾಕುವುದಿಲ್ಲ.