ಮಣಿ ಸರ ಕೊಟ್ಟು ಉಸಿರು ಎಣಿಸಲು ಕಲಿಸಿದ್ದು: ನನ್ನ ಅನುಭವ

ಬ್ಯಾಡಗಿ ತಾಲ್ಲೂಕಿನ ನಮ್ಮೂರಲ್ಲಿ ಆಶಾ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಗುತ್ತ ಬಂತು. ಕೆಮ್ಮು, ನೆಗಡಿ ಬಂದ ಕೂಸನ್ನು ಯಾವಾಗ ದವಾಖಾನೆಗೆ ಒಯ್ಯಬೇಕೆಂದು ತಾಯಂದಿರೇ ಹೇಳುವಂತಾಗಬೇಕು ಎಂದು ನಾನು ಹೊರಟಾಗ ನಮ್ಮವರೇ "ಆಗೂ ಮಾತಲ್ಲ ಬಿಡವಾ" ಅಂದಿದ್ದರು. ಈಗ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಸುಮ್ಮನಿದ್ದ ಕೂಸಿನ ಉಸಿರು ನಿಮಿಷಕ್ಕೆ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಬಂದರೆ ದವಾಖಾನೆಗೆ ಒಯ್ಯಬೇಕು: ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40. ನಮ್ಮ ಆಶಾಗಳಿಗೆಲ್ಲ ಇದು ಬಾಯಿಪಾಠ. ಆದರೆ ಊರಲ್ಲಿ ಎಲ್ಲರೂ ಹಣೆ ಮುಟ್ಟಿ ನೋಡುತ್ತಾರೆ, ಉಸಿರಿಗೆ ಏರಿಳಿಯುವ ಹೊಟ್ಟೆ ನೋಡುವುದಿಲ್ಲ. ಮೈ ಬೆಚ್ಚಗಿಲ್ಲ ಅಂದರೆ ಕೂಸು ಆರಾಮಿದೆ ಎಂದೇ ತಿಳಿಯುತ್ತಾರೆ.

ಮೊದಲು ಎಡವಿದ್ದು ನಾನೇ. ಅಂಗಳದಲ್ಲಿ ನಿಂತು, ಅತ್ತು ಸುಮ್ಮನಾದ ಕೂಸನ್ನು ಹದಿನೈದು ಸೆಕೆಂಡ್ ನೋಡಿ ನಾಲ್ಕರಿಂದ ಗುಣಿಸಿಬಿಟ್ಟೆ. 56 ಬಂತು. ಹೆದರಿಸಿ ಹುಬ್ಬಳ್ಳಿಗೆ ಕಳಿಸಿದೆ. ಗಾಡಿ ಬಾಡಿಗೆ ಎರಡೂವರೆ ಸಾವಿರ, ಟೆಸ್ಟು, ಔಷಧ ಸೇರಿ ಆರು ಸಾವಿರದ ಹತ್ತಿರ ಹೋಯಿತು. ಬರೀ ನೆಗಡಿ. ಆ ಮನೆಯ ಅಜ್ಜ ಆರೇಳು ತಿಂಗಳು ನನ್ನನ್ನು ಹೊಸ್ತಿಲು ದಾಟಗೊಡಲಿಲ್ಲ. ಅಂದಿನಿಂದ ಪೂರ್ತಿ ಒಂದು ನಿಮಿಷ, ಅಂಗಿ ಎತ್ತಿ, ಕೂಸು ಮಲಗಿದ್ದಾಗ ಇಲ್ಲವೇ ಮಡಿಲಲ್ಲಿ ಸುಮ್ಮನಿದ್ದಾಗ ಮಾತ್ರ. ಹೆಚ್ಚು ಬಂದರೆ ಮತ್ತೊಮ್ಮೆ.

ಗಾಬರಿಯಲ್ಲಿ ಐವತ್ತರವರೆಗೆ ತಪ್ಪದೆ ಎಣಿಸುವುದು ಕಲಿತವರಿಗೂ ಕಷ್ಟ. ಅದಕ್ಕೆ ಗೋವಿನಜೋಳದ ಕಾಳು ಕೊಟ್ಟು ನೋಡಿದೆ: ಬಟ್ಟಲಲ್ಲಿ ಐವತ್ತು ಕಾಳು, ಉಸಿರಿಗೊಂದು ತೆಗೆದಿಡುವುದು, ಮೊಬೈಲಿನಲ್ಲಿ ಒಂದು ನಿಮಿಷದ ಗಂಟೆ. ಗಂಟೆ ಹೊಡೆಯುವುದರೊಳಗೆ ಕಾಳು ಮುಗಿದರೆ ಹೊರಡಬೇಕು. ಲೆಕ್ಕ ಸರಿಬಂತು. ಆದರೆ ಒಂದು ಮನೆಯಲ್ಲಿ ದೊಡ್ಡ ಹುಡುಗ ಕಾಳನ್ನು ಮೂಗಿಗೇರಿಸಿಕೊಂಡ. ಕಾಳು ಉಸಿರುನಾಳಕ್ಕೆ ಇಳಿದಿದ್ದರೆ? ಅಂದೇ ಕಾಳು ಬಂದ್.

ಆಮೇಲೆ ಹಾವೇರಿಯಿಂದ ದೊಡ್ಡ ಕಟ್ಟಿಗೆಯ ಮಣಿ ತಂದು ಪೋಣಿಸಿದೆ. ಕೆಂಪು ಸರಕ್ಕೆ ಐವತ್ತು ಮಣಿ, ವರ್ಷ ತುಂಬದವರಿಗೆ. ಹಳದಿಗೆ ನಲವತ್ತು, ವರ್ಷ ತುಂಬಿದ ಐದು ವರ್ಷದೊಳಗಿನವರಿಗೆ. ಒಂದಕ್ಕೆ ಸುಮಾರು ಅರವತ್ತು ರೂಪಾಯಿ ಬಿತ್ತು. ಮೂವತ್ತು ಸರ, ಎಲ್ಲ ನನ್ನ ಗೌರವಧನದಿಂದ. ಕಣ್ಣು ಹೊಟ್ಟೆಯ ಮೇಲೇ ಇರಲಿ, ಮಣಿ ಒಂದೊಂದೇ ಬೆರಳಿಗೆ ಸಿಗಲಿ ಎಂದು ನಾನು ಹಾಕುವ ಗಂಟು ಬರೆದು ತಿಳಿಸುವಂಥದ್ದಲ್ಲ, ಬಂದರೆ ತೋರಿಸುತ್ತೇನೆ. ಅತ್ತೆಯರನ್ನು ಒಪ್ಪಿಸುವ ಉಪಾಯವೂ ಅಷ್ಟೇ. ಎರಡು ತಿಂಗಳೊಳಗಿನ ಕೂಸಿನ ಮನೆಗೆ ಸರ ಕೊಡುವುದಿಲ್ಲ. ಅವುಗಳ ಉಸಿರು ಒಮ್ಮೆ ಜೋರು, ಒಮ್ಮೆ ನಿಧಾನ, ಹಾಗಾಗಿ ನಾನೇ ಹೋಗಿ ಎರಡು ಸಲ ಎಣಿಸುತ್ತೇನೆ.

ಹೋದ ಶ್ರಾವಣದಲ್ಲಿ ರಾತ್ರಿ ಎರಡರ ಸುಮಾರಿಗೆ ಫೋನ್ ಬಂತು. "ಅಕ್ಕಾರ, ಮಣಿ ಮುಗದ್ವು, ಗಂಟಿ ಇನ್ನೂ ಹೊಡದಿಲ್ರಿ." ಎಂಟು ತಿಂಗಳ ಕೂಸು. ಅತ್ತೆ "ಮೈ ತಣ್ಣಗೈತಿ, ಮುಂಜಾನೆ ನೋಡೂಣು" ಅನ್ನುತ್ತಿದ್ದರು. ಓಡಿದೆ. ಬಲ್ಬಿನ ಬೆಳಕಲ್ಲಿ ಅಂಗಿ ಎತ್ತಿದರೆ ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. 62 ಎಣಿಸಿದೆ. 108ಕ್ಕೆ ಹೇಳಿ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಒಯ್ದೆವು. ನ್ಯುಮೋನಿಯಾ. ಆರು ದಿನ ಇಟ್ಟುಕೊಂಡರು, ಮೊದಲೆರಡು ದಿನ ಆಕ್ಸಿಜನ್. ಮನೆಯವರಿಗೆ ಖರ್ಚಾದದ್ದು ಊಟ, ಬಸ್ಸು ಸೇರಿ ಏಳೆಂಟುನೂರು. ಆ ತಾಯಿ ಐದನೆಯ ಇಯತ್ತೆ ಕಲಿತವಳು. ಅವಳನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ.

ಮಣಿ ಉಳಿದರೂ ಹೊರಡಬೇಕಾದ ವೇಳೆಗಳನ್ನು ಸರ ಕೊಡುವಾಗಲೇ ಹೇಳುತ್ತೇನೆ: ಪಕ್ಕೆ ಸೆಳೆದರೆ, ಮೊಲೆ ಕುಡಿಯದಿದ್ದರೆ, ಕುಡಿದದ್ದೆಲ್ಲ ಕಾರಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಸುಮ್ಮನಿದ್ದಾಗಲೂ ಉಸಿರೆಳೆದರೆ ಗೊರಗೊರ ಸದ್ದು ಬಂದರೆ. ಆಗ ಎಣಿಸುತ್ತ ಕೂರಬಾರದು.

ನಡುವೆ, ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಕ್ಸಿಜನ್ ನೋಡುವ ಆಕ್ಸಿಮೀಟರ್ ಹುಚ್ಚೂ ಹಿಡಿದಿತ್ತು. 2021ರಲ್ಲಿ ಸಾವಿರದ ಎಂಟುನೂರು ಕೊಟ್ಟು ತಂದೆ. ತಣ್ಣಗಿನ ಕೈಯಲ್ಲಿ 88 ತೋರಿಸಿ, ಕೈ ಉಜ್ಜಿ ಬೆಚ್ಚಗೆ ಮಾಡಿದರೆ 96 ಅನ್ನುತ್ತಿತ್ತು. ಉಗುರುಬಣ್ಣ ಇದ್ದರಂತೂ ನಂಬುವಂತಿಲ್ಲ. ದೊಡ್ಡವರಿಗೆ ಬಳಸುತ್ತೇನೆ, ಎರಡು ಬೆರಳಲ್ಲಿ ನೋಡಿ 94ರ ಕೆಳಗಿದ್ದರೆ ಕಳಿಸುತ್ತೇನೆ. ಕೂಸಿನ ಪುಟ್ಟ ಬೆರಳಿಗೆ ಅದು ಕೂರುವುದೇ ಇಲ್ಲ.

ಮೆಣಸಿನಕಾಯಿ ಸುಗ್ಗಿಯಲ್ಲಿ ತೊಟ್ಟು ಮುರಿಯಲು ಹೋಗುವವರೆಲ್ಲ ಕೆಮ್ಮುತ್ತಾರೆ, "ಘಾಟು ರೀ" ಅಂತಾರೆ. ಕೆಲಸ ಬಿಟ್ಟ ನಾಲ್ಕು ದಿನದಲ್ಲಿ ಇಳಿದರೆ ಸರಿ. ಎರಡು ವಾರ ದಾಟಿದರೆ ಕಫದ ಡಬ್ಬಿ ಕೈಗೆ ಕೊಡುತ್ತೇನೆ. ಹಾಗೆ ಇಬ್ಬರಿಗೆ ಟಿಬಿ ಸಿಕ್ಕಿತು, ಇಬ್ಬರೂ ಗುಳಿಗೆ ಮುಗಿಸಿದ್ದಾರೆ.

ಈ ತಿಂಗಳು ಇನ್ನೂ ಹತ್ತು ಸರ ಪೋಣಿಸಬೇಕು. ಈ ಸಲ ನೈಲಾನ್ ದಾರವೇ. ನೂಲಿನ ದಾರ ಎರಡು ಕಡೆ ಹರಿದು ಮಣಿ ಚೆಲ್ಲಿವೆ. ಕೂಸಿನ ಕೈಗೆ ಸಿಗದಂತೆ ಗೋಡೆಯ ಮೊಳೆಗೆ ತೂಗುಹಾಕಿ ಎಂದು ಪ್ರತಿ ಮನೆಯಲ್ಲೂ ಹೇಳುತ್ತಿದ್ದೇನೆ.